ಧಾಟಿ ಯಾರ ಸ್ವತ್ತು? ಹೋಲುವ ಹಾಡುಗಳು ಮತ್ತು ಕೃತಿಸ್ವಾಮ್ಯ (ಕಾಪಿರೈಟ್)

ಗಾಂಧಿನಗರ ಕೀಬೋರ್ಡ್:
ಎಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷಗಳಿಂದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಾ, ನಡುನಡುವೆ ಜಾಹೀರಾತುಗಳಿಗೆ ಜಿಂಗಲ್ ಮಾಡಿಕೊಡುತ್ತಾ ಬಂದವನು ನಾನು. 2022ರಲ್ಲಿ ಬೆಂಗಳೂರಿನ ಒಂದು ಚಿನ್ನದಂಗಡಿಗೆ 20 ಸೆಕೆಂಡಿನ ಟ್ಯೂನ್ ಮಾಡಿಕೊಟ್ಟಿದ್ದೆ. ದಸರೆಯಿಂದ ದೀಪಾವಳಿಯವರೆಗೆ ಅದು ಎಫ್‌ಎಂನಲ್ಲಿ ಬಂತು. ಕಳೆದ ತಿಂಗಳು ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನವರ ಮೊಬೈಲಿನಿಂದ ಹೊಸ ಹಾಡೊಂದರ ಪಲ್ಲವಿ ಕೇಳಿಸಿತು. ಬೀಟ್ ಬೇರೆ, ವಾದ್ಯ ಬೇರೆ, ಸಾಹಿತ್ಯ ಬೇರೆ. ಟ್ಯೂನ್ ಮಾತ್ರ ನನ್ನದೇ ಎನಿಸಿತು. ಹಾಡು ಯಾರದೆಂದು ಇಲ್ಲಿ ಹೇಳುವುದಿಲ್ಲ. ಕೇಳಲು ಒಂದೇ ತರಹ ಇದೆ ಎಂಬಷ್ಟರಿಂದಲೇ ಅದು ಕೃತಿಸ್ವಾಮ್ಯದ ಉಲ್ಲಂಘನೆ ಆಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಹನುಮಂತನಗರ ಕೇಳುಗ:
ಇದರಲ್ಲಿ ಅನುಮಾನವೇನು ಬಂತು ಸರ್? ಕದ್ದದ್ದು ಕದ್ದದ್ದೇ. ಅಮೆರಿಕದಲ್ಲಿ ರಾಬಿನ್ ಥಿಕ್ ಮತ್ತು ಫ್ಯಾರೆಲ್ ವಿಲಿಯಮ್ಸ್ ಅವರ ‘ಬ್ಲರ್ಡ್ ಲೈನ್ಸ್’ ಹಾಡು ಮಾರ್ವಿನ್ ಗೇ ಅವರ 1977ರ ಹಾಡನ್ನು ಹೋಲುತ್ತದೆಂದು 2015ರಲ್ಲಿ ಜ್ಯೂರಿ (ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ಮಂಡಳಿ) ಸುಮಾರು 74 ಲಕ್ಷ ಡಾಲರ್ ಕೊಡಿಸಿತು. ಆ ಎರಡು ಹಾಡುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸ್ವರಗಳು ಅಷ್ಟೇನೂ ಒಂದೇ ಅಲ್ಲ. ಆದರೂ ಬೇರೆ ಬೇರೆ ಎಂದು ಕೇಳಿದವರ ಕಿವಿ ಒಪ್ಪಲಿಲ್ಲ. ಕಿವಿಗಿಂತ ದೊಡ್ಡ ಸಾಕ್ಷಿ ಯಾವುದಿದೆ?

ಮೆಯೋ ಹಾಲ್ ವಕೀಲ:
ಆ ತೀರ್ಪನ್ನು ಅರ್ಧಕ್ಕೇ ಬಿಟ್ಟಿದ್ದೀರಿ. ಮೊತ್ತವನ್ನು ನ್ಯಾಯಾಧೀಶರು ಸುಮಾರು 53 ಲಕ್ಷ ಡಾಲರಿಗೆ ಇಳಿಸಿದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತಾದರೂ, ಪೀಠದ ಮೂವರಲ್ಲಿ ಒಬ್ಬರು ಇದು ಒಂದು ಸಂಗೀತ ಶೈಲಿಗೇ ಹಕ್ಕು ಬರೆದುಕೊಟ್ಟಂತಾಯಿತು ಎಂದು ಕಟುವಾಗಿ ಭಿನ್ನಮತ ಬರೆದರು. ನಂತರ ಗಾಳಿ ತಿರುಗಿತು. ಕೇಟಿ ಪೆರಿ ಅವರ ‘ಡಾರ್ಕ್ ಹಾರ್ಸ್’ ವಿರುದ್ಧ 2019ರಲ್ಲಿ ಜ್ಯೂರಿ ಸುಮಾರು 28 ಲಕ್ಷ ಡಾಲರ್ ವಿಧಿಸಿದ್ದನ್ನು 2020ರಲ್ಲಿ ನ್ಯಾಯಾಧೀಶರೇ ರದ್ದುಪಡಿಸಿದರು. ಮತ್ತೆ ಮತ್ತೆ ಬರುವ ಎಂಟು ಸ್ವರಗಳ ಸಣ್ಣ ತುಣುಕು ಯಾರೊಬ್ಬರ ಸ್ವಂತ ಸ್ವತ್ತಾಗುವಷ್ಟು ವಿಶಿಷ್ಟವಲ್ಲ ಎಂಬುದು ಅದರ ಸಾರ. 2023ರ ಮೇ ತಿಂಗಳಿನಲ್ಲಿ ಮ್ಯಾನ್‌ಹಟನ್‌ನ ಜ್ಯೂರಿಯೆದುರು ಇಂಥದೇ ಆರೋಪ ಹೊತ್ತಿದ್ದ ಗಾಯಕ ಎಡ್ ಶೀರನ್ ಸ್ವತಃ ಗಿಟಾರ್ ನುಡಿಸಿ, ತಮ್ಮ ಹಾಡಿನ ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸರಣಿ ಎಷ್ಟೋ ಹಾಡುಗಳಲ್ಲಿದೆ ಎಂದು ತೋರಿಸಿ ಗೆದ್ದರು. ಹೀಗಾಗಿ ಕಿವಿ ಮೊದಲ ಸಾಕ್ಷಿಯೇ ಹೊರತು ಕೊನೆಯದಲ್ಲ.

ವಿಜಯನಗರ ಪ್ರೋಗ್ರಾಮರ್:
ನಾನು ಸ್ಟುಡಿಯೋದಲ್ಲಿ ಕೂತು ಟ್ರ್ಯಾಕ್ ಮಾಡುವವನು. ನಮ್ಮಲ್ಲಿ ಎಲ್ಲರೂ ಹೇಳಿಕೊಂಡು ಬಂದಿರುವ ಲೆಕ್ಕವೊಂದಿದೆ: ಏಳು ಸೆಕೆಂಡಿನೊಳಗೆ ಎತ್ತಿಕೊಂಡರೆ ಕಾನೂನು ಏನೂ ಮಾಡುವುದಿಲ್ಲ. ಕೀಬೋರ್ಡ್ ಸರ್ ಅವರ ಟ್ಯೂನಿನ ಮುಖ್ಯ ಭಾಗವೇ ಅಷ್ಟಿದ್ದರೆ ಏನು ಗತಿ? ಇನ್ನೊಂದು ವಿಷಯ. ಇಂದು ಅರ್ಧ ಹಾಡುಗಳು ದುಡ್ಡು ಕೊಟ್ಟು ಕೊಂಡ ಲೂಪ್‌ಗಳ (ಸಿದ್ಧ ಸಂಗೀತದ ತುಣುಕುಗಳ) ಮೇಲೆ ನಿಂತಿರುತ್ತವೆ. ಒಂದೇ ಲೂಪ್ ಚೆನ್ನೈಯವರ ಬಳಿಯೂ ಇರುತ್ತದೆ, ನನ್ನ ಬಳಿಯೂ ಇರುತ್ತದೆ. ಎರಡು ಹಾಡುಗಳು ಒಂದೇ ತರಹ ಕೇಳಿಸಿದರೆ ಅಲ್ಲಿ ಕಳ್ಳನೇ ಇರಬೇಕೆಂದಿಲ್ಲ, ಒಂದೇ ಅಂಗಡಿಯ ಇಬ್ಬರು ಗಿರಾಕಿಗಳಿರಬಹುದು.

ಮೆಯೋ ಹಾಲ್ ವಕೀಲ:
ಲೂಪಿನ ಮಾತು ಸರಿ. ಏಳು ಸೆಕೆಂಡಿನ ಲೆಕ್ಕ ಮಾತ್ರ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಯಾರು ಹಬ್ಬಿಸಿದರೋ, ಅದನ್ನು ನಂಬಿ ಕೆಟ್ಟವರನ್ನು ನಾನೇ ಕಂಡಿದ್ದೇನೆ. ತೆಗೆದುಕೊಂಡ ಭಾಗ ಎಷ್ಟು ಉದ್ದ ಎಂಬುದಕ್ಕಿಂತ ಅದು ಮೂಲ ಕೃತಿಯ ಜೀವಾಳವೇ ಎಂಬುದು ಮುಖ್ಯ. ಮೊಬೈಲ್ ಕಂಪನಿಯೊಂದರ ಜಾಹೀರಾತಿಗೆ ರಾಮ್ ಸಂಪತ್ ಮಾಡಿದ್ದ ಟ್ಯೂನನ್ನು ‘ಕ್ರೇಜಿ 4’ ಚಿತ್ರದ ಹಾಡುಗಳಲ್ಲಿ ಬಳಸಲಾಗಿದೆ ಎಂಬ ದಾವೆಯಲ್ಲಿ 2008ರಲ್ಲಿ ಬಾಂಬೆ ಹೈಕೋರ್ಟು ಈ ದಾರಿಯಲ್ಲೇ ನಡೆದು ಅವರ ಪರ ಮಧ್ಯಂತರ ಆದೇಶ ಕೊಟ್ಟಿತು. ಗಮನಿಸಿ, ಅದೂ ಜಾಹೀರಾತಿನ ಟ್ಯೂನೇ.

ಬಸವನಗುಡಿ ಸಂಗೀತಪಾಠ:
ನಾನು ಮಕ್ಕಳಿಗೆ ಪಾಠ ಹೇಳುವವಳು. ಮಲಹರಿ ರಾಗದ ಪಿಳ್ಳಾರಿ ಗೀತೆಗಳನ್ನು (ಆರಂಭದ ಪಾಠದ ಹಾಡುಗಳನ್ನು) ಕಲಿತ ಯಾವ ಮಗುವನ್ನಾದರೂ ಕೇಳಿ. ‘ಲಂಬೋದರ’ ಮತ್ತು ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಎರಡರ ನಡುವೆ ಸಾಲು ತಪ್ಪಿ ಒಂದರಿಂದ ಇನ್ನೊಂದಕ್ಕೆ ಜಾರಿಬಿಡುವುದು ವಾರಕ್ಕೆ ಒಮ್ಮೆಯಾದರೂ ನನ್ನ ಪಾಠದ ಕೋಣೆಯಲ್ಲಿ ನಡೆಯುತ್ತದೆ. ರಾಗವೆಂದರೆ ನಡೆಯುವ ದಾರಿಯೇ ಹಾಗೆ ಹಾಕಿರುತ್ತದೆ. ಮೋಹನ ರಾಗದಲ್ಲಿ ಐದೇ ಸ್ವರಗಳು. ಅದರಲ್ಲಿ ಇಬ್ಬರು ಸಂಯೋಜಕರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಎತ್ತುಗಡೆಗೆ ಬಂದು ನಿಲ್ಲುವುದು ಅಚ್ಚರಿಯೇನಲ್ಲ. ನಮ್ಮ ಹಳೆಯ ಕಂಪನಿ ನಾಟಕಗಳ ಪದ್ಯಾವಳಿಗಳಲ್ಲಿ ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ (ಧಾಟಿ) ಎಂದು ಅಚ್ಚು ಹಾಕುತ್ತಿದ್ದರು. ಏಕಾದಶಿಯ ಭಜನೆಗಳಲ್ಲಿ ಇವತ್ತಿಗೂ ಸಿನಿಮಾ ಹಾಡಿನ ಧಾಟಿಗೆ ದೇವರ ಹೆಸರು ಕೂಡಿಸಿ ಹಾಡುತ್ತಾರೆ, ಯಾರೂ ಮುಚ್ಚಿಡುವುದಿಲ್ಲ. ಪುರಂದರದಾಸರು ಹೇಳಿದಂತೆ ಕೆರೆಯ ನೀರನ್ನೇ ಕೆರೆಗೆ ಚೆಲ್ಲುವ ಪರಂಪರೆ ಇದು.

ಹನುಮಂತನಗರ ಕೇಳುಗ:
ಮೇಡಂ, ಮಟ್ಟಿನ ಹೆಸರನ್ನು ತಲೆಯ ಮೇಲೆ ಅಚ್ಚು ಹಾಕುತ್ತಿದ್ದರು ಎಂದು ತಾವೇ ಹೇಳಿದಿರಿ. ಅಂದರೆ ಎಲ್ಲಿಂದ ತಂದೆವೆಂದು ಹೇಳುವ ಮರ್ಯಾದೆ ಅವರಲ್ಲಿತ್ತು. ಈಗಿನವರು ಕೆರೆಯ ನೀರನ್ನು ಬಾಟಲಿಗೆ ತುಂಬಿ, ಸ್ವಂತ ಹೆಸರಿನ ಚೀಟಿ ಅಂಟಿಸಿ ಮಾರುತ್ತಾರೆ. ಆಮೇಲೆ ಬೇರೆಯವರು ಕೆರೆಗೆ ಇಳಿದರೆ ನೋಟಿಸು ಕಳಿಸುವವರೂ ಅವರೇ!

ಬಸವನಗುಡಿ ಸಂಗೀತಪಾಠ:
ಈ ಮಾತನ್ನು ನಾನು ಒಪ್ಪಲೇಬೇಕು. ಆದರೆ ರಾಗ ಒಂದೇ ಎಂಬುದನ್ನು ಕಳ್ಳತನವೆಂದು ಕರೆಯುವುದನ್ನು ಒಪ್ಪಲಾರೆ. ‘ಕಾಂತಾರ’ದ ‘ವರಾಹ ರೂಪಂ’ ಕುರಿತು ಎದ್ದ ತಕರಾರಿನಲ್ಲಿ ನಡೆದದ್ದೂ ಇದೇ ಜಗ್ಗಾಟ.

ಮೆಯೋ ಹಾಲ್ ವಕೀಲ:
ತಿಳಿಯದವರಿಗಾಗಿ ಎರಡು ಮಾತು. 2022ರಲ್ಲಿ ಚಿತ್ರ ಬಿಡುಗಡೆಯಾದ ಮೇಲೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ, ಈ ಹಾಡು ತಮ್ಮ ‘ನವರಸಂ’ ಹಾಡಿನಿಂದ ಬಂದದ್ದೆಂದು ದೂರಿತು. ಹೋಲಿಕೆ ಇದ್ದರೆ ಅದು ರಾಗದ್ದು ಎಂಬುದು ಚಿತ್ರತಂಡದ ಕಡೆಯ ಮಾತಾಗಿತ್ತು. ಕೇರಳದ ನ್ಯಾಯಾಲಯಗಳಿಂದ ತಡೆಯಾಜ್ಞೆ ಬಂದು, ಒಟಿಟಿಯಲ್ಲಿ ಕೆಲಕಾಲ ಅದೇ ಸಾಹಿತ್ಯ ಬೇರೆ ಧಾಟಿಯಲ್ಲಿ ಕೇಳಿಸಿತು. ಚಿತ್ರತಂಡದವರ ನಿರೀಕ್ಷಣಾ ಜಾಮೀನಿಗೆ ಹೈಕೋರ್ಟು ಹಾಕಿದ್ದ, ಹಾಡಿನೊಡನೆ ಚಿತ್ರ ತೋರಿಸಬಾರದೆಂಬ ಷರತ್ತಿಗೆ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿತು. ಇವೆಲ್ಲ ಮಧ್ಯಂತರ ಆದೇಶಗಳು. ಇವುಗಳಿಂದ ಯಾರು ಸರಿ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ.

ನನಗೆ ಹೆಚ್ಚು ಪಾಠ ಹೇಳುವುದು 2025ರ ಇನ್ನೊಂದು ಪ್ರಕರಣ. ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರದ ಒಂದು ಹಾಡು ಧ್ರುಪದ್ ಗಾಯಕರಾದ ಡಾಗರ್ ಮನೆತನದ ‘ಶಿವಸ್ತುತಿ’ಯಿಂದ ಬಂದದ್ದೆಂಬ ದಾವೆಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಎ.ಆರ್. ರೆಹಮಾನ್ ಅವರ ವಿರುದ್ಧ ಏಪ್ರಿಲ್‌ನಲ್ಲಿ 2 ಕೋಟಿ ರೂಪಾಯಿ ಠೇವಣಿಗೆ ಆದೇಶಿಸಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಹಾಡಿದವರು ಎಂದ ಮಾತ್ರಕ್ಕೆ ರಚಿಸಿದವರು ಎಂದಾಗುವುದಿಲ್ಲ ಎಂಬುದು ಅದರ ಮುಖ್ಯ ಕಾರಣ. ಎದುರಿನವರು ಕದ್ದರೇ ಎಂಬ ಪ್ರಶ್ನೆಗೆ ಮೊದಲು, ಅದು ನಿಮ್ಮದಾಗಿತ್ತೇ ಎಂಬ ಪ್ರಶ್ನೆ ಬರುತ್ತದೆ. ಕೀಬೋರ್ಡ್ ಸರ್ ಉತ್ತರಿಸಬೇಕಾದದ್ದು ಇದಕ್ಕೆ.

ವಿಜಯನಗರ ಪ್ರೋಗ್ರಾಮರ್:
ಆ ಹಾಡಿನ ಸಂಯೋಜಕರು ‘ಜಿಂಗಲ್ ಕೇಳಿಯೇ ಇಲ್ಲ’ ಎಂದುಬಿಟ್ಟರೆ?

ಮೆಯೋ ಹಾಲ್ ವಕೀಲ:
ಎಫ್‌ಎಂನಲ್ಲಿ ವಾರಗಟ್ಟಲೆ ಬಂದದ್ದನ್ನು ಕೇಳುವ ಅವಕಾಶ ಇರಲಿಲ್ಲವೆನ್ನುವುದು ಕಷ್ಟ. ಬೇಕೆಂದೇ ಮಾಡಿರಬೇಕೆಂದೂ ಇಲ್ಲ. ಜಾರ್ಜ್ ಹ್ಯಾರಿಸನ್ ಅವರ ‘ಮೈ ಸ್ವೀಟ್ ಲಾರ್ಡ್’ ಪ್ರಕರಣದಲ್ಲಿ 1976ರಲ್ಲೇ ಅಮೆರಿಕದ ನ್ಯಾಯಾಧೀಶರು, ಅವರು ಉದ್ದೇಶಪೂರ್ವಕವಾಗಿ ಕದಿಯಲಿಲ್ಲ, ಹಿಂದೆ ಕೇಳಿದ್ದ ಹಾಡು ಸುಪ್ತ ಮನಸ್ಸಿನಿಂದ ಎದ್ದು ಬಂದಿತು, ಆದರೂ ಅದು ಉಲ್ಲಂಘನೆಯೇ ಎಂದರು. ಅಲ್ಲಿಯ ತೀರ್ಪು ಇಲ್ಲಿ ಕಟ್ಟುನಿಟ್ಟಾಗಿ ಅನ್ವಯಿಸದು. ವಾದಕ್ಕೆ ಬಲ ಕೊಡುತ್ತದೆ, ಅಷ್ಟೆ.

ಬಸವನಗುಡಿ ಸಂಗೀತಪಾಠ:
ಮಾತು ಸಾಕು, ಸ್ವರ ನೋಡೋಣ. ಕೀಬೋರ್ಡ್ ಅವರೇ, ತಾಳವಾದ್ಯವಿಲ್ಲದೆ ಬರಿಯ ಟ್ಯೂನ್ ನುಡಿಸಿ ನನಗೊಂದು ಆಡಿಯೋ ಕಳಿಸಿ, ಆ ಹಾಡಿನ ಪಲ್ಲವಿಯನ್ನೂ ಜೊತೆಗೆ ಕಳಿಸಿ.

ಗಾಂಧಿನಗರ ಕೀಬೋರ್ಡ್:
ಕಳಿಸಿದ್ದೇನೆ ಮೇಡಂ. ಟ್ಯೂನ್ ಮೋಹನದ ಛಾಯೆಯಲ್ಲೇ ಇದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಬಸವನಗುಡಿ ಸಂಗೀತಪಾಠ:
ರಾತ್ರಿ ಊಟವಾದ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಎರಡನ್ನೂ ಬರೆದು ನೋಡಿದೆ. ನಿಮ್ಮದು ಬಿಳಿ ಒಂದರ ಶ್ರುತಿ, ಆ ಹಾಡು ಬಿಳಿ ಎರಡು, ಅದು ಲೆಕ್ಕಕ್ಕಿಲ್ಲ. ಗ ಪ ದ ಸ ಎಂದು ಮೇಲೇರುವುದು ಎರಡರಲ್ಲೂ ಇದೆ. ಅದು ಮೋಹನದಲ್ಲಿ ಎಲ್ಲರ ಮನೆಯ ಹೊಸ್ತಿಲು, ನಿಮ್ಮದೆನ್ನಲು ಬಿಡುವುದಿಲ್ಲ. ಆದರೆ ಮೇಲಿನ ‘ಸ’ಕ್ಕೆ ಹೋದ ಮೇಲೆ ನೀವು ಮೋಹನದಲ್ಲಿಲ್ಲದ ಕೈಶಿಕಿ ನಿಷಾದವನ್ನು ಎರಡು ಅಕ್ಷರ (ತಾಳದ ಎಣಿಕೆ) ಹಿಡಿದು ನಿಲ್ಲಿಸಿ, ಅಲ್ಲಿಂದ ‘ದ’ಕ್ಕೆ ಇಳಿಯದೆ ನೇರ ‘ಪ’ಕ್ಕೆ ಧುಮುಕಿದ್ದೀರಿ. ಆ ಹಾಡಿನಲ್ಲಿಯೂ ಅದೇ ಅನ್ಯಸ್ವರ, ಅಷ್ಟೇ ಅಕ್ಷರ, ಅದೇ ಧುಮುಕು. ಜೊತೆಗೆ ಎರಡೂ ತಾಳದ ಮೊದಲ ಹೊಡೆತವನ್ನು ಬಿಟ್ಟು ಅರ್ಧ ಅಕ್ಷರದ ನಂತರ ಎತ್ತಿಕೊಳ್ಳುತ್ತವೆ. ಒಂದಾದರೆ ಕಾಕತಾಳೀಯ ಎನ್ನುತ್ತಿದ್ದೆ. ಎರಡೂ ಒಂದೇ ಸಾಲಿನಲ್ಲಿ ಬಂದಿರುವುದರಿಂದ ನಿನ್ನೆಯಷ್ಟು ಗಟ್ಟಿಯಾಗಿ ಇಂದು ನಾನು ವಾದಿಸಲಾರೆ. ಚರಣದಲ್ಲಿ ಮಾತ್ರ ಹೋಲಿಕೆ ಏನೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ವಿಜಯನಗರ ಪ್ರೋಗ್ರಾಮರ್:
ನನಗೆ ಗೊತ್ತಿರುವ ಲೂಪ್‌ಗಳಲ್ಲಿ ಹೀಗೆ ನಿಷಾದ ಹಿಡಿಯುವುದು ಯಾವುದೂ ಇಲ್ಲ. ಗಿರಾಕಿಗಳ ವಾದವನ್ನು ಈ ಒಂದು ಹಾಡಿನ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ.

ಮೆಯೋ ಹಾಲ್ ವಕೀಲ:
ಮೇಡಂ ಬರೆದದ್ದು ನಾವು ಪುಟಗಟ್ಟಲೆ ಬರೆಯುವುದಕ್ಕಿಂತ ಹೆಚ್ಚು ಉಪಯೋಗದ್ದು. ಇನ್ನು ಕಾಗದದ ವಿಷಯ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ರಚಿಸಿದ ಕ್ಷಣದಿಂದಲೇ ಹಕ್ಕು ಇರುತ್ತದೆ. ಆದರೆ ರಚಿಸಿದ ದಿನ ಯಾವುದೆಂದು ತೋರಿಸಲು ಪ್ರಾಜೆಕ್ಟ್ ಫೈಲ್, ಇಮೇಲ್, ರೆಕಾರ್ಡಿಂಗ್ ಬೇಕು. ದಾವೆಗೆ ಮೂರು ವರ್ಷಗಳ ಕಾಲಮಿತಿ ಇದೆ, ಕೂತು ಯೋಚಿಸುತ್ತಾ ಇರಬೇಡಿ. ಎದುರಿನವರು ಎಲ್ಲಿಯವರೇ ಆಗಿರಲಿ, ಕೃತಿಸ್ವಾಮ್ಯ ಕಾಯಿದೆಯ 62ನೆಯ ಕಲಮಿನ ಪ್ರಕಾರ ನೀವು ವಾಸವಿರುವ ಬೆಂಗಳೂರಿನಲ್ಲೇ ದಾವೆ ಹೂಡಬಹುದು. ದೊಡ್ಡ ಪ್ರಶ್ನೆ ಬೇರೆಯದು: ಟ್ಯೂನಿನ ಹಕ್ಕನ್ನು ಅಂಗಡಿಯವರಿಗೆ ಬರೆದುಕೊಟ್ಟಿದ್ದೀರಾ? ಬರೆದುಕೊಟ್ಟಿದ್ದರೆ ನಷ್ಟ ಕೇಳಬೇಕಾದವರು ಅವರು, ನೀವಲ್ಲ. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು, ಬಾಯಿಮಾತು ನಡೆಯದು. ಲಿಖಿತದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದು ಕಾಯಿದೆಯೇ ಭಾವಿಸುತ್ತದೆ.

ಗಾಂಧಿನಗರ ಕೀಬೋರ್ಡ್:
ದುಡ್ಡಿನ ಆಸೆಯಿಂದ ಕೇಳಿದ್ದಲ್ಲ ಸರ್. ಹಾಡಿನ ಕೆಳಗೆ ಸಂಗೀತ ಎಂದು ಬರೆದ ಕಡೆ ನನ್ನ ಹೆಸರೂ ಇರಬೇಕೆಂಬುದಷ್ಟೇ ನನ್ನ ಅಪೇಕ್ಷೆ.

ಮೆಯೋ ಹಾಲ್ ವಕೀಲ:
ಹಾಗಾದರೆ 57ನೆಯ ಕಲಮು ನಿಮ್ಮದು. ಹಕ್ಕನ್ನು ಪೂರ್ತಿ ಮಾರಿಕೊಂಡಿದ್ದರೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ. ಮೊದಲು ನೋಟಿಸು, ಆಮೇಲೆ ಮಾತುಕತೆ. ದಾವೆಯ ಮಾತು ಕೊನೆಗೆ. ಠಾಣೆಗೆ ಹೋಗುವ ಯೋಚನೆ ಬೇಡ. 63ನೆಯ ಕಲಮು ಹೇಳುವ ಉಲ್ಲಂಘನೆಯ ಅಪರಾಧವನ್ನು ಜಾಮೀನುರಹಿತವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದ ಮೇಲೆ, ಅದನ್ನು ಬರಿಯ ಬೆದರಿಕೆಗೆ ಬಳಸುವವರು ಹೆಚ್ಚಾಗಿದ್ದಾರೆ. ಚಿನ್ನದಂಗಡಿಯವರು ದುಡ್ಡು ಕೊಟ್ಟಾಗ ಯಾವುದಕ್ಕಾದರೂ ಸಹಿ ಹಾಕಿದ್ದಿರಾ?

ಗಾಂಧಿನಗರ ಕೀಬೋರ್ಡ್:
ರೆವೆನ್ಯೂ ಸ್ಟಾಂಪ್ ಅಂಟಿಸಿದ ವೋಚರ್ ಒಂದಕ್ಕೆ ಹಾಕಿದ್ದೆ. ಈಗಷ್ಟೇ ಬೀರುವಿನಲ್ಲಿ ಹುಡುಕಿದೆ. ಅದರ ಕಾರ್ಬನ್ ಪ್ರತಿ ಸಿಕ್ಕಿತು. ಅದರಲ್ಲಿರುವುದು ಇಷ್ಟೇ: ‘ಟ್ಯೂನ್ ಬಾಬ್ತು ರೂ. 8,000 ಸಂದಿದೆ.’ ಹಿಂಬದಿ ಖಾಲಿ. ಸೋಮವಾರ ಪ್ರಾಜೆಕ್ಟ್ ಫೈಲ್ ಇರುವ ಹಾರ್ಡ್ ಡಿಸ್ಕ್ ಜೊತೆಗೆ ಇದನ್ನೂ ನಿಮ್ಮ ಬಳಿಗೆ ತರುತ್ತೇನೆ.