ಕರೆಂಟು ಹೋಗಿ ಬಂದ ಮೇಲೆ ವೈಫೈ ಇರುತ್ತದೆ, ನೆಟ್ ಇರುವುದಿಲ್ಲ, ಐಪಿಯೂ ಬೇರೆ

ಶಿರಸಿ_ಸೀಮೆ:
ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಜಗಲಿಯಲ್ಲಿ ಫೈಬರ್ ಮೋಡೆಮ್ ಇದೆ. ಮಾಳಿಗೆಗೆ ಸಿಗ್ನಲ್ ಸಾಲದೆ ಕೇಬಲ್ ಎಳೆದು ಹಳೇ ರೂಟರ್ ಕೂರಿಸಿದ್ದೇನೆ, ಎರಡೂ ತುದಿ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ಪೋರ್ಟಿಗೇ. ಈ ಮಳೆಗೆ ಕರೆಂಟು ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಬಂದ ಮೇಲೆ ಕೆಲವು ಸಲ ವೈಫೈ ಕಡ್ಡಿ ಪೂರ್ತಿ ಇದ್ದರೂ ಒಂದು ಪೇಜೂ ತೆರೆಯುವುದಿಲ್ಲ. ಸರಿ ಇದ್ದಾಗ ಲ್ಯಾಪ್‌ಟಾಪಿನ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸ) 192.168.1.7, ಕೆಟ್ಟಾಗ 192.168.0.102. ಒಮ್ಮೆ 169.254ರಿಂದ ಶುರುವಾಗುವುದೂ ಬಂದಿತ್ತು. ಮಗಳ ಆನ್‌ಲೈನ್ ಪರೀಕ್ಷೆ ಹತ್ತಿರ ಬಂತು, ದಾರಿ ತೋರಿಸಿ.

ಕಾಳಿ_ದಂಡೆ (ಕಾರವಾರ):
ನಿಮ್ಮ ಮನೆಯಲ್ಲಿ ಐಪಿ ಹಂಚುವವರು ಇಬ್ಬರಾಗಿದ್ದಾರೆ. ಲ್ಯಾಪ್‌ಟಾಪ್ ನೆಟ್‌ವರ್ಕಿಗೆ ಸೇರಿದ ಕೂಡಲೇ ವಿಳಾಸ ಬೇಕೆಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಡಿಎಚ್‌ಸಿಪಿ, ಅಂದರೆ ಐಪಿ ಹಂಚುವ ವ್ಯವಸ್ಥೆ, ಆನ್ ಇರುವ ಪ್ರತಿ ರೂಟರೂ ಉತ್ತರ ಕೊಡುತ್ತದೆ, ಸಾಮಾನ್ಯವಾಗಿ ಮೊದಲು ಬಂದದ್ದೇ ಗೆಲ್ಲುತ್ತದೆ. ಕರೆಂಟು ಬಂದಾಗ ಹಳೇ ರೂಟರ್ ಬೇಗ ಏಳುತ್ತಿರಬೇಕು. ಅದು ಕೊಡುವ ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ ವಿಳಾಸ) ತನ್ನದೇ, 192.168.0.1. ಆದರೆ ಅದರ ವ್ಯಾನ್ ಪೋರ್ಟ್ (ಹೊರಗಿನ ನೆಟ್ ಬರುವ ಪೋರ್ಟ್) ಖಾಲಿ, ಹೊರಗೆ ಹೋಗಲು ದಾರಿಯೇ ಇಲ್ಲ. 169.254 ಬಂದರೆ ಯಾರೂ ಉತ್ತರ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ.

ಮಾಳಿಗೆ ರೂಟರಿನಿಂದ ಜಗಲಿಯ ಕೇಬಲ್ ಬಿಚ್ಚಿ, ಲ್ಯಾಪ್‌ಟಾಪನ್ನು ನೇರ ಸಿಕ್ಕಿಸಿ ಬ್ರೌಸರಿನಲ್ಲಿ 192.168.0.1 ತೆರೆಯಿರಿ. ಮೊದಲು ಅದರ ಲ್ಯಾನ್ ಐಪಿಯನ್ನು 192.168.1.2 ಮಾಡಿ. ಅದು ರೀಸ್ಟಾರ್ಟ್ ಆದ ಮೇಲೆ ಹೊಸ ವಿಳಾಸದಲ್ಲೇ ಒಳಹೊಕ್ಕು ಡಿಎಚ್‌ಸಿಪಿ ಆಫ್ ಮಾಡಿ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಆಫ್ ಮಾಡಿದರೆ ಮತ್ತೆ ಒಳಹೊಗಲು ಲ್ಯಾಪ್‌ಟಾಪಿಗೆ ಕೈಯಾರೆ ಐಪಿ ಹಾಕಬೇಕಾದೀತು. ಮೋಡೆಮ್‌ನಲ್ಲಿ ಹಂಚುವ ಸಾಲು 192.168.1.10ರಿಂದ ಶುರುವಾಗಲಿ, ಇಲ್ಲದಿದ್ದರೆ ಆ 192.168.1.2 ಬೇರೆ ಯಾರಿಗೋ ಹೋಗಬಹುದು. ಆಮೇಲೆ ಕೇಬಲ್ ಮೊದಲಿನಂತೆ ಲ್ಯಾನ್‌ಗೇ.

ಗೋಕರ್ಣ_ಕಡಲು:
ಕೇಬಲನ್ನು ವ್ಯಾನ್ ಪೋರ್ಟಿಗೆ ಬದಲಿಸಿದರೆ ಸಾಕಲ್ಲವೇ?

ಕಾಳಿ_ದಂಡೆ:
ನೆಟ್ ಬರುತ್ತದೆ. ಆದರೆ ಮಾಳಿಗೆ ಬೇರೆ ನೆಟ್‌ವರ್ಕ್ ಆಗಿಬಿಡುತ್ತದೆ. ಮನೆಯವರೆಲ್ಲ ಒಂದೇ ಪ್ರಿಂಟರ್ ಬಳಸುವವರಾದರೆ ನಾನಂತೂ ಅದನ್ನು ಹೇಳುವುದಿಲ್ಲ.

ಶಿರಸಿ_ಸೀಮೆ:
ಮಾಡಿದೆ. ಮೇನ್ ಸ್ವಿಚ್ ಆಫ್ ಮಾಡಿ ಹಾಕಿ ನೋಡಿದೆ, ಲ್ಯಾಪ್‌ಟಾಪಿಗೆ ಈಗ 192.168.1ರದೇ ಬರುತ್ತಿದೆ. ತುಂಬ ಉಪಕಾರ ಆಯ್ತು. ಅಪ್ಪನ ಫೋನ್ ಮಾತ್ರ ಇನ್ನೂ 192.168.0.105 ಹಿಡಿದುಕೊಂಡಿದೆ. ಪ್ರಿಂಟರಿನ ಐಪಿಯೂ ಆಗಾಗ ಬದಲಾಗುತ್ತದೆ.

ಕಾಳಿ_ದಂಡೆ:
ಹಳೇ ಲೀಸ್ (ಐಪಿ ಇಟ್ಟುಕೊಳ್ಳಲು ಕೊಟ್ಟ ಅವಧಿ) ಮುಗಿದಿಲ್ಲ, ಅಷ್ಟೇ. ಫೋನಿನಲ್ಲಿ ಆ ವೈಫೈ ಅಳಿಸಿ ಪಾಸ್‌ವರ್ಡ್ ಹೊಸದಾಗಿ ಕೊಡಿ. ಪ್ರಿಂಟರಿನ ಮ್ಯಾಕ್ ವಿಳಾಸ (ಆ ಯಂತ್ರದ ಸ್ವಂತ ಗುರುತಿನ ಸಂಖ್ಯೆ) ನೋಡಿಕೊಂಡು ಮೋಡೆಮ್‌ನಲ್ಲಿ ಅದಕ್ಕೆ ಒಂದು ಐಪಿ ರಿಸರ್ವ್ ಮಾಡಿಡಿ.