ಅಪ್‌ಡೇಟ್: ಎಂಜಿನ್‌ಎಕ್ಸ್ (nginx) ವೆಬ್ ಸರ್ವರ್‌ನಲ್ಲಿ ಅಡ್ಮಿನ್ ಫೋಲ್ಡರ್‌ಗೆ ಬೀಗ ಬಿತ್ತು
ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರ ಸೈಟ್ ಬಗ್ಗೆ ಕೇಳಿದ್ದೆನಲ್ಲ, ಅಡ್ಮಿನ್ ಫೋಲ್ಡರ್‌ಗೆ ಪಾಸ್‌ವರ್ಡ್ ಇಟ್ಟರೂ ಒಳಗಿನ ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಕೋಡ್) ಪುಟಗಳ ವಿಳಾಸ ನೇರವಾಗಿ ಕೊಟ್ಟರೆ ಸುಮ್ನೆ ತೆರೆದುಕೊಳ್ಳುತ್ತವೆ ಅಂತ. ಬಗೆಹರಿಯಿತು.

ಸೆಟ್ಟಿಂಗ್ ಫೈಲಿನಲ್ಲಿ ಯಾವ ವಿಳಾಸಕ್ಕೆ ಯಾವ ನಿಯಮ ಅಂತ ಹೇಳುವ ಬ್ಲಾಕ್‌ಗೆ ಲೊಕೇಶನ್ ಅನ್ನುತ್ತಾರೆ. ಎಂಜಿನ್‌ಎಕ್ಸ್ ಮೊದಲು ಫೋಲ್ಡರ್ ಹೆಸರಿನ ಲೊಕೇಶನ್‌ಗಳಲ್ಲಿ ಅತಿ ಉದ್ದವಾಗಿ ಹೊಂದುವುದನ್ನು ಗುರುತು ಮಾಡಿಕೊಳ್ಳುತ್ತದೆ, ಆಮೇಲೆ ರೆಗ್ಯುಲರ್ ಎಕ್ಸ್‌ಪ್ರೆಶನ್ (ವಿಳಾಸದ ಅಕ್ಷರಗಳ ಮಾದರಿ) ಇರುವವನ್ನು ನೋಡುತ್ತದೆ, ಅದರಲ್ಲಿ ಒಂದು ಹೊಂದಿದರೆ ಸಾಕು, ಫೋಲ್ಡರ್ ನಿಯಮ ಪಕ್ಕಕ್ಕೆ. ಪಿಎಚ್‌ಪಿಗೆ ಇದ್ದ ಬ್ಲಾಕ್ ಅಂಥದ್ದೇ. ಅಲ್ಲಿ ಪಾಸ್‌ವರ್ಡ್ ಎಲ್ಲಿಂದ ಬರಬೇಕು? ಬರೀ ಫೋಲ್ಡರ್ ತೆರೆದರೆ ಮಾತ್ರ ಕೇಳುತ್ತಿತ್ತು, ಅದಕ್ಕೇ ಅಂಗಡಿಯವರಿಗೂ ಅನುಮಾನ ಬಂದಿರಲಿಲ್ಲ.

ಅಡ್ಮಿನ್ ಲೊಕೇಶನ್‌ಗೆ ^~ ಹಾಕಿದೆ, ಅಂದರೆ ಈ ಫೋಲ್ಡರ್ ಹೊಂದಿದರೆ ಹೊರಗಿನ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನು ನೋಡಬೇಡ ಅನ್ನುವ ಗುರುತು. ಅಷ್ಟೇ ಹಾಕಿ ಬಿಡಬೇಡಿ ಮತ್ತೆ! ಹೊರಗಿನ ಪಿಎಚ್‌ಪಿ ಬ್ಲಾಕ್ ಆಗ ಅಲ್ಲಿಗೆ ತಲುಪುವುದಿಲ್ಲ, ಕೋಡ್ ಓಡುವ ಬದಲು ಫೈಲ್ ಹಾಗೇ ಡೌನ್‌ಲೋಡ್ ಆಗುತ್ತದೆ, ಅದು ಇನ್ನೂ ಅಪಾಯ ಅಲ್ವಾ. ಅಡ್ಮಿನ್ ಬ್ಲಾಕ್ ಒಳಗೇ ಇನ್ನೊಂದು ಪಿಎಚ್‌ಪಿ ಬ್ಲಾಕ್ ಬರೆದು ಪುಟವನ್ನು ಪಿಎಚ್‌ಪಿಗೆ ಓಡಿಸಲು ಕಳಿಸುವ ಫಾಸ್ಟ್‌ಸಿಜಿಐ ಪಾಸ್ (fastcgi_pass) ಸಾಲು ಕೊಡಬೇಕು. ಪಾಸ್‌ವರ್ಡ್ ಸಾಲುಗಳನ್ನು ಮತ್ತೆ ಬರೆಯುವುದು ಬೇಡ, ಮೇಲಿನ ಬ್ಲಾಕಿನಿಂದ ತಾನೇ ಇಳಿಯುತ್ತವೆ.

ಸೀರೆ ಫೋಟೋಗಳ ಫೋಲ್ಡರ್‌ಗೂ ^~ ಇಟ್ಟು 30 ದಿನದ ಕ್ಯಾಶ್ (cache, ಬ್ರೌಸರ್ ಫೋಟೋಗಳನ್ನು ಉಳಿಸಿಟ್ಟುಕೊಳ್ಳುವುದು) ಕೊಟ್ಟಿದ್ದೇನೆ, ಅಲ್ಲಿ ಇರುವುದು ಬರೀ ಫೋಟೋ, ಅದರಲ್ಲಿ ತೊಂದರೆ ಇಲ್ಲ.