ಸಹಾಯ ಬೇಕು: ಕರುಳಿನ ಕ್ಯಾನ್ಸರ್ ಪೆಥಾಲಜಿ ವರದಿಯ ಮರುಪರಿಶೀಲನೆ ಕುರಿತು

ಮಾನ್ಯರೇ, ಶಿರಸಿ ಸಮೀಪದ ಹಳ್ಳಿಯವರಾದ ನನ್ನ ತಂದೆಯವರಿಗೆ ಕಳೆದ ತಿಂಗಳು ದೊಡ್ಡ ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿದ್ದು, ಕೈಗೆ ಬಂದ ಪೆಥಾಲಜಿ ವರದಿ (ತೆಗೆದ ಭಾಗದ ಪ್ರಯೋಗಾಲಯ ಪರೀಕ್ಷೆಯ ವರದಿ) ಆರೇ ಸಾಲಿನದು. ಕನಿಷ್ಠ 12 ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಪರೀಕ್ಷಿಸಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುವಾಗ ಇಲ್ಲಿ ನೋಡಿರುವುದು 7 ಮಾತ್ರ. ಏಳರಲ್ಲೂ ರೋಗವಿಲ್ಲವೆಂಬುದು ಸಮಾಧಾನವೇ ಆದರೂ, ನೋಡದೆ ಉಳಿದವುಗಳಲ್ಲಿ ಇದ್ದರೆ ಹಂತವೇ 2ರಿಂದ 3ಕ್ಕೆ ಏರಿ ಕಿಮೊಥೆರಪಿಯ ನಿರ್ಧಾರ ಬದಲಾಗುತ್ತದೆ. ಗಡ್ಡೆ ರಕ್ತನಾಳವನ್ನು ಹೊಕ್ಕಿದೆಯೇ ಎಂಬುದಾಗಲಿ, ಎಂಎಂಆರ್ ಪರೀಕ್ಷೆಯ (ಡಿಎನ್ಎ ದೋಷ ಸರಿಪಡಿಸುವ ಪ್ರೋಟೀನುಗಳು ಗಡ್ಡೆಯಲ್ಲಿವೆಯೇ ಎಂದು ನೋಡುವುದು) ಪ್ರಸ್ತಾಪವಾಗಲಿ ಅದರಲ್ಲಿಲ್ಲ. ಫಾರ್ಮಲಿನ್‌ನಲ್ಲಿಟ್ಟ (ಕೆಡದಂತೆ ಕಾಯುವ ದ್ರವ) ಕರುಳಿನ ಉಳಿದ ಭಾಗವನ್ನು ಎಸೆಯುವ ಮುನ್ನ ಅದರ ಸುತ್ತಲಿನ ಕೊಬ್ಬಿನಲ್ಲಿ ಮತ್ತೊಮ್ಮೆ ಗ್ರಂಥಿಗಳನ್ನು ಹುಡುಕುವಂತೆ ಲಿಖಿತ ಮನವಿ ಕೊಟ್ಟಿದ್ದೇನೆ. ಮೇಣದ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಮತ್ತು ಸ್ಲೈಡುಗಳನ್ನು ಹುಬ್ಬಳ್ಳಿ, ಮಣಿಪಾಲ ಅಥವಾ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮರುಪರಿಶೀಲನೆ ಮಾಡಿಸಿದವರಿದ್ದರೆ, ರೋಗಿಯನ್ನು ಕರೆದೊಯ್ಯದೆ (ಹೊಲಿಗೆ ಇನ್ನೂ ಹಸಿಯಿದೆ) ಬ್ಲಾಕ್‌ಗಳನ್ನಷ್ಟೇ ಒಯ್ದರೆ ಸಾಕೇ, ಯಾವ ಕಾಗದಪತ್ರ ಬೇಕು ಎಂಬುದನ್ನು ದಯವಿಟ್ಟು ತಿಳಿಸಿ.